ಬೀಜ ಕಟ್ಟದ ಗಿಡ

ಓರಗಿತ್ತಿಯರಿಬ್ಬರಲ್ಲಿ ದೊಡ್ಡವಳ ಹಿತ್ತಿಲಿನ ಟ್ಯಾರಗಾನ್ ಎಂಬ ಪರಿಮಳದ ಸೊಪ್ಪಿನ ಗಿಡ ಸತ್ತದ್ದು ಪಾತ್ರೆ ತೊಳೆಯುವ ನೀರಿನಿಂದ. ತೊಟ್ಟಿಯ ಪೈಪು ಮಣ್ಣಿನೊಳಗೆ ಬಿರುಕು ಬಿಟ್ಟು, ಯಾರ ಕಣ್ಣಿಗೂ ಬೀಳದ ಹಾಗೆ ಬುಡಕ್ಕೆ ನೀರು ಜಿನುಗಿಸುತ್ತಲೇ ಇತ್ತು. ಬಾಯಾರಿಕೆಯನ್ನು ತಡೆದುಕೊಳ್ಳುವ ಗಿಡ ಅದು, ಕಾಲು ಒದ್ದೆಯಾದರೆ ಮಾತ್ರ ತಡೆಯದು. ಎಲೆ ಹಳದಿಯಾದಾಗ ಅವಳು ನೀರು ಸಾಲದೆಂದುಕೊಂಡು ಮೇಲಿನಿಂದ ಇನ್ನೊಂದು ಚೊಂಬು ಹೊಯ್ದಳು. ಕೊನೆಗೆ ಎಳೆದು ನೋಡಿದರೆ ಬೇರು ಬೆಂದ ಗೆಣಸಿನ ಹಾಗೆ ಕೈಗೇ ಕಳಚಿ ಬಂತು.

ಚೆಂದಕ್ಕೆ ಬೆಳೆಸಿದ ಗಿಡವಲ್ಲ. ಬಸ್ ಡಿಪೋದ ಎದುರಿಗೆ ಅವಳದೊಂದು ಪುಟ್ಟ ಹೋಟೆಲು. ಮೊಟ್ಟೆ ಒಡೆದು ಕಾವಲಿಗೆ ಹುಯ್ದು, ಅಂಚು ಗರಿಗರಿಯಾಗುವ ಹೊತ್ತಿಗೆ ಆ ಸಪೂರ ಎಲೆಯನ್ನು ಹೆಚ್ಚಿ ಉದುರಿಸಿ ಮಡಚುತ್ತಿದ್ದಳು. ಮೊದಲು ಸೋಂಪಿನ ಹಾಗೊಂದು ಸಿಹಿ ವಾಸನೆ, ಹಿಂದೆಯೇ ನಾಲಿಗೆ ಜುಮ್ಮೆನ್ನುವುದು. ಮೊಟ್ಟೆ ಅಕ್ಕಪಕ್ಕದ ಅಂಗಡಿಗಳಲ್ಲೂ ಸಿಗುತ್ತಿತ್ತು. ಡ್ರೈವರುಗಳು ಅವನ್ನೆಲ್ಲ ದಾಟಿ ಇವಳಲ್ಲಿಗೆ ಬರುತ್ತಿದ್ದುದು ಈ ಎಲೆಗಾಗಿ.

ಬೀಜದಂಗಡಿಯಿಂದ ಪೊಟ್ಟಣ ತಂದು ಬಿತ್ತಿದಳು. ಗಿಡ ಸೊಂಟದೆತ್ತರ ಬೆಳೆದು ನಿಂತಿತು. ಎಲೆಯೂ ಅದೇ ಆಕಾರ. ಬಾಯಿಗೆ ಹಾಕಿದರೆ ಹುಲ್ಲು. ಆದರೂ ಹೆಚ್ಚಿ ಹಾಕಿದಳು.

"ಅಕ್ಕಾ, ಕೋಳಿ ಬದಲಾಯಿಸಿದ್ರಾ?" ಅಂದ ಒಬ್ಬ ಡ್ರೈವರ್.

"ಕೋಳಿ ಅದೇ ಕಣಯ್ಯಾ, ನಿನ್ನ ನಾಲಿಗೆ ಸವೆದಿದೆ."

"ಸವೆಯೋಕೆ ಅದೇನು ಟಯರಾ?" ಅಂದ ಪಕ್ಕದಲ್ಲಿದ್ದ ಕಂಡಕ್ಟರ್.

ಎಲ್ಲರೂ ನಕ್ಕರು, ಅವಳೂ ನಕ್ಕಳು. ಮುಂದಿನ ವಾರ ಆ ಇಬ್ಬರೂ ಪಕ್ಕದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು.

ಬೀಜದಂಗಡಿಯವನನ್ನು ಹೋಗಿ ತರಾಟೆಗೆ ತೆಗೆದುಕೊಂಡಳು. ಅವನು ಸಿಟ್ಟಾಗಲಿಲ್ಲ. "ಒಳ್ಳೆ ಜಾತಿದು ಬೀಜ ಕಟ್ಟೋದೇ ಇಲ್ಲಮ್ಮಾ. ಬೀಜದಿಂದ ಬರೋದು ಅದರ ದಾಯಾದಿ, ಬರೀ ಮೈ ಬೆಳೆಸುತ್ತೆ. ನಿಮಗೆ ಬೇಕಾದ್ದು ಬೇರಿನ ತುಂಡಿಂದಾನೇ ಬರಬೇಕು. ಯಾರ ಮನೇಲಾದ್ರೂ ಇದ್ರೆ ಕೇಳಿ ಇಸ್ಕೊಳ್ಳಿ."

ಕೇಳುವುದೇ ಅವಳಿಂದಾಗದ ಕೆಲಸ. ಆ ಗಿಡ ಇದ್ದದ್ದು ಅವಳಿಗೆ ಗೊತ್ತಿದ್ದ ಹಾಗೆ ಒಂದೇ ಮನೆಯಲ್ಲಿ: ಬೀದಿಯ ಕೊನೆಗೆ, ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಓರಗಿತ್ತಿಯ ಹಿತ್ತಿಲಲ್ಲಿ. ಅವಳು ಮೈದುನನ ಹೆಂಡತಿಯಾಗಿ ಬಂದ ಹೊಸದರಲ್ಲಿ ಬೇರಿನ ತುಂಡು ಕೊಟ್ಟವಳು ದೊಡ್ಡವಳೇ. ಆಮೇಲೆ ದೊಡ್ಡವಳ ಬಾಣಲೆಯೊಂದು ಆ ಮನೆಗೆ ಎರವಲು ಹೋಗಿ ತಗ್ಗು ಬಿದ್ದು ಬಂತು. ತಗ್ಗು ಮೊದಲೇ ಇತ್ತೆಂದು ಚಿಕ್ಕವಳು, ಇರಲಿಲ್ಲವೆಂದು ದೊಡ್ಡವಳು. ಅಂದಿನಿಂದ ಎದುರಿಗೆ ಸಿಕ್ಕರೆ ಇಬ್ಬರೂ ಆಕಾಶ ನೋಡುತ್ತಿದ್ದರು.

"ನನ್ನ ತಮ್ಮನ ಮನೆ ತಾನೇ, ನಾನೇ ಹೋಗಿ ತರ್ತೀನಿ ಬಿಡು," ಅಂದ ಗಂಡ.

"ನೀವು ಹೋದ್ರೆ ನಾನು ಕಳಿಸ್ದೆ ಅಂತಾಗುತ್ತೆ."

"ಕಳಿಸೋಳು ನೀನೇ ಅಲ್ವಾ?"

"ಅದಕ್ಕೇ ಬೇಡ."

ಚಳಿ ಮುರಿಯುತ್ತಿದ್ದ ಹಾಗೆ, ಬೆಂಚುಗಳು ಮುಕ್ಕಾಲು ಖಾಲಿಯಿದ್ದ ಒಂದು ದಿನ, ದೊಡ್ಡವಳು ಒಲೆ ಆರಿಸಿ ತಾನೇ ಹೊರಟಳು.

ಚಿಕ್ಕವಳು ಯಂತ್ರದ ಮುಂದೆ ಕೂತು ಪರದೆಯ ಅಂಚು ಹೊಲಿಯುತ್ತಿದ್ದಳು. ತಲೆಯೆತ್ತಿ ನೋಡಿ, "ಬನ್ನಿ ಅಕ್ಕಾ," ಅಂದಳು, ನಿನ್ನೆ ತಾನೇ ಬಂದು ಹೋದವಳನ್ನು ಕರೆದ ಹಾಗೆ. ಅದು ಬೈಗುಳಕ್ಕಿಂತ ಕಷ್ಟವಾಯಿತು.

"ನನ್ನ ಗಿಡ ಹೋಯ್ತು. ಒಂದು ತುಂಡು ಬೇರು ಕೊಡು."

"ಅಯ್ಯೋ, ಅಗೆದ್ರೆ ಸತ್ತೋಗುತ್ತಲ್ಲಾ?"

"ಯಾರೇ ಹೇಳಿದ್ದು?"

"ನೀವೇ. ಕೊಟ್ಟ ದಿನ ಹೇಳಿದ್ರಿ, ನೆಟ್ಟ ಮೇಲೆ ಬುಡ ಮುಟ್ಟಲೇಬೇಡ, ಮುಟ್ಟಿದ್ರೆ ಒಣಗುತ್ತೆ ಅಂತ. ಎದುರುಮನೆಯವರು ಎಷ್ಟು ಸಲ ಕೇಳಿದ್ರು! ಕೊಡದೆ ಇದ್ದಿದ್ದಕ್ಕೆ ಮುಖ ಗಂಟು ಹಾಕ್ಕೊಂಡವರು ಇನ್ನೂ ಬಿಚ್ಚಿಲ್ಲ."

ದೊಡ್ಡವಳಿಗೆ ನೆನಪಾಯಿತು. "ಅದು ಆವಾಗ ಹೇಳಿದ್ದು."

"ಆವಾಗ ಸಾಯ್ತಿತ್ತು, ಈಗ ಸಾಯಲ್ವಾ?"

ಯಂತ್ರದ ಚಕ್ರ ನಿಂತಿತ್ತು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು.

"ಆವಾಗಲೂ ಸಾಯ್ತಿರಲಿಲ್ಲ. ಸುಳ್ಳು ಹೇಳಿದ್ದೆ. ನೀನು ಬೀದಿಗೆಲ್ಲ ಹಂಚಿಬಿಡ್ತೀಯ, ನನ್ನ ಅಂಗಡಿಗೆ ಕಲ್ಲು ಬೀಳುತ್ತೆ ಅಂತ."

ಚಿಕ್ಕವಳು ಹಲ್ಲಿನಿಂದ ದಾರ ಕಡಿದಳು. ಪರದೆ ಮಡಚಿಟ್ಟಳು. "ಬನ್ನಿ," ಎಂದು ಹಿತ್ತಿಲಿಗೆ ನಡೆದಳು.

ಗಿಡದ ಮಡಿ ನಡುವೆ ಬೋಳಾಗಿತ್ತು. ಸುತ್ತಲಿನ ಅಂಚಿನಲ್ಲಷ್ಟೇ ನಾಲ್ಕಾರು ತೆಳ್ಳನೆಯ ಚಿಗುರು ಮಣ್ಣಿನಿಂದ ಮೂತಿ ತೂರಿಸಿದ್ದವು.

"ವರ್ಷವರ್ಷ ಬಡವಾಗ್ತಾ ಬಂತು," ಅಂದಳು ಚಿಕ್ಕವಳು. "ನನ್ನ ಕೈಗುಣವೇ ಸರಿಯಿಲ್ಲ ಅಂದ್ಕೊಂಡಿದ್ದೆ. ಆಮೇಲೆ ಬೇರೇನೂ ನೆಡೋಕೇ ಹೋಗಲಿಲ್ಲ."

ದೊಡ್ಡವಳು ಗೋಡೆಗೊರಗಿದ್ದ ಗುದ್ದಲಿ ತೆಗೆದುಕೊಂಡಳು. ಆ ಕ್ಷಣ ಮಾಡಲು ಇನ್ನೇನೂ ತೋಚಲಿಲ್ಲ. "ನಿನ್ನ ಕೈಗೇನಾಗಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಎಬ್ಬಿಸಿ, ಬಿಡಿಸಿ ನೆಡಬೇಕು. ಇಲ್ದಿದ್ರೆ ತನ್ನ ಬೇರೇ ತನಗೆ ಉರುಳಾಗುತ್ತೆ."

ಬುಡದಿಂದ ತುಸು ದೂರದಲ್ಲಿ ಸುತ್ತ ಅಗೆದು ಗಡ್ಡೆ ಎಬ್ಬಿಸಿದಳು. ಬೇರುಗಳು ಹಳೆಯ ಹಗ್ಗದಂತೆ ಒಂದಕ್ಕೊಂದು ಹೊಸೆದುಕೊಂಡಿದ್ದವು. ನಡುವಿನದು ಕಪ್ಪಾಗಿ ಟೊಳ್ಳು. ಅದನ್ನು ಚಾಕುವಿನಿಂದ ಕೆರೆದು ತೆಗೆದ ಮೇಲೆ ಉಳಿದ ಗಟ್ಟಿ ಬೇರು ಎರಡು ಮುಷ್ಟಿಯಷ್ಟಾದೀತು. ದೊಡ್ಡವಳು ಸರಿಯಾಗಿ ನಡುವೆ ಚಾಕು ಇಟ್ಟಳು.

"ಅಲ್ಲಿ ಬೇಡ," ಅಂದಳು ಚಿಕ್ಕವಳು. "ಮೂರು ಮಾಡಿ."

"ಮೂರನೇದು ಯಾರಿಗೆ?"

"ಎದುರುಮನೆಗೆ."

"ಅವರ ಮಗನೇ ಕಣೇ, ನನ್ನ ಪಕ್ಕದಲ್ಲಿ ಅಂಗಡಿ ಇಟ್ಟಿರೋನು."

"ಗೊತ್ತು. ಸಾಯುತ್ತೆ ಅಂತ ಹೇಳಿ ಕಳಿಸಿದ್ದೆ ಅವರನ್ನ. ಈಗ ಏನಂತ ಹೇಳ್ಲಿ? ನೀವು ಬಂದು ಸುಳ್ಳು ಅಂದ್ರಿ ಅನ್ನಲಾ, ಇಲ್ಲಾ ಸುಮ್ನೆ ಒಂದು ತುಂಡು ಕೊಟ್ಟುಬಿಡಲಾ?"

ದೊಡ್ಡವಳು ಚಾಕುವನ್ನು ಎತ್ತಿ, ಚಿಗುರಿನ ಕಣ್ಣುಗಳು ಎಲ್ಲೆಲ್ಲಿವೆ ಎಂದು ಬೇರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಒಂದೊಂದರಲ್ಲೂ ಕಣ್ಣು ಇರುವ ಹಾಗೆ ಮೂರು ಮಾಡಿದಳು.