ಹಗಲು ಎಚ್ಚರವಿರುವ ಜೋಡಿ

"ಕೋಣೆ ಎಷ್ಟು ದೊಡ್ಡದು?" ಎಂದು ಸಾಕುಪ್ರಾಣಿಗಳ ಅಂಗಡಿಯಾಕೆ ಕೇಳಿದಳು.

ಯಾವ ಹಕ್ಕಿ ಬೇಕು, ಯಾವ ಬಣ್ಣದ್ದು ಎಂದು ಕೇಳಬಹುದೆಂದು ಕಾದಿದ್ದ ಮಗಳು ಪಕ್ಕದಲ್ಲಿ ನಿಂತಿದ್ದ ಅಪ್ಪನತ್ತ ನೋಡಿದಳು. ಮಲಗುವ ಕೋಣೆ, ಒಂದು ಮಂಚ, ಒಂದು ಕಪಾಟು, ಪಂಜರ ಇಡಲು ಕಿಟಕಿಯ ಕೆಳಗೆ ಒಂದು ಮೇಜು ಎಂದು ವಿವರಿಸಿದಳು. ಆಕೆಗೆ ಅಷ್ಟು ಸಾಲಲಿಲ್ಲ. ಕಿಟಕಿ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಅಲ್ಲಿ ಮಲಗುವವರು ಯಾರು, ಎಷ್ಟು ಹೊತ್ತಿಗೆ ಏಳುತ್ತಾರೆ, ಎಲ್ಲವೂ ಗೊತ್ತಾಗಬೇಕಿತ್ತು. ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. ಮುಂಗೈ ತುಂಬ ಹಳೆಯ ಪರಚುಗಾಯಗಳ ಗೆರೆಗಳಿದ್ದವು.

"ಅದು ಅಪ್ಪ ಮಲಗೋ ಕೋಣೆ," ಎಂದಳು ಮಗಳು.

"ಹಾಗಾದ್ರೆ ಅಪ್ಪನೇ ಹೇಳ್ಲಿ."

"ಅಪ್ಪಂಗೆ ಮಾತಾಡೋಕಾಗಲ್ಲ."

ಅಂಗಡಿಯಾಕೆ ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ನೋಟ್‌ಬುಕ್ಕನ್ನೂ ಪೆನ್ನನ್ನೂ ನೋಡಿದಳು. ಒಂದು ಸ್ಟೂಲನ್ನು ಕಾಲಿನಿಂದಲೇ ಅವನತ್ತ ಸರಿಸಿ, "ಕೂತ್ಕೊಂಡು ಬರೀರಿ ಅಣ್ಣಾ. ನಂಗೇನೂ ಅರ್ಜೆಂಟಿಲ್ಲ," ಎಂದಳು.

ಗಂಡನ ಹಿಂದೆ ನಿಂತಿದ್ದ ಹೆಂಡತಿಗೆ ಆ ಮಾತು ಕೇಳಿ ಒಳಗೆ ಏನೋ ಸಡಿಲವಾದಂತಾಯಿತು. ಇಷ್ಟು ದಿನ ನೋಡಿದ ಜನರೇ ಬೇರೆ. ಮಾತು ಹೋದವನಿಗೆ ಕಿವಿಯೂ ಹೋಗಿದೆ ಎಂದುಕೊಂಡು ಕೆಲವರು ಕೂಗಿ ಮಾತಾಡುತ್ತಿದ್ದರು. ಬ್ಯಾಂಕಿನ ಗುಮಾಸ್ತನಂತೂ ಅವನ ನೋಟ್‌ಬುಕ್ ಇಸಿದುಕೊಂಡು, ಅವನ ಪ್ರಶ್ನೆಯ ಕೆಳಗೇ ದಪ್ಪ ಅಕ್ಷರದಲ್ಲಿ ಉತ್ತರ ಬರೆದುಕೊಟ್ಟಿದ್ದ. ಉಳಿದವರು ಅವನು ಅರ್ಧ ಸಾಲು ಬರೆಯುವಷ್ಟರಲ್ಲಿ ಮಿಕ್ಕಿದ್ದನ್ನು ತಾವೇ ಊಹಿಸಿ ಹೇಳಿ ಮುಗಿಸುತ್ತಿದ್ದರು. ಈಕೆ ಕೈಕಟ್ಟಿ ನಿಂತು ಕಾದಳು.

ಐದು ತಿಂಗಳ ಹಿಂದಿನವರೆಗೆ ಆ ಊರಿನ ರೈಲು ನಿಲ್ದಾಣದ ದನಿ ಅವನದಾಗಿತ್ತು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎಷ್ಟು ತಡವಾಗಿದೆ ಎಂದು ಇಪ್ಪತ್ತಾರು ವರ್ಷ ಮೈಕಿನ ಮುಂದೆ ಕೂತು ಹೇಳಿದವನು. ಜೊತೆಯವರು ಮೈಕಣ್ಣ ಎಂದೇ ಕರೆಯುತ್ತಿದ್ದರು. ಎರಡು ಗಂಟೆ ತಡ ಎಂಬ ಸುದ್ದಿಯನ್ನೂ ಅವನು ಹೇಳಿದರೆ ಜನ ಬೈಯದೆ ಸಾಮಾನಿಗೆ ಒರಗಿ ಕೂರುತ್ತಾರೆ ಎಂಬುದು ಹೆಂಡತಿಯ ಹೆಮ್ಮೆಯಾಗಿತ್ತು. ಗಂಟಲಲ್ಲಿ ಗಡ್ಡೆ ಬೆಳೆದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಅವನು ಉಸಿರಾಡುತ್ತಿದ್ದುದು ಕುತ್ತಿಗೆಯ ಬುಡದಲ್ಲಿ ಮಾಡಿದ ಒಂದು ರಂಧ್ರದಿಂದ. ಅದರ ಮೇಲೊಂದು ತೆಳುಬಟ್ಟೆಯ ಪರದೆ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಹೆಂಡತಿ ಅವನ ಒಂದೊಂದು ಅಂಗಿಗೂ ಹೊಂದುವ ಬಣ್ಣದಲ್ಲಿ ಅಂಥ ಪರದೆಗಳನ್ನು ಹೊಲಿದಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರ್ ಒಬ್ಬಳಿದ್ದಳು. ಗಾಳಿಯನ್ನು ನುಂಗಿ, ತೇಗಿನಂತೆ ಮೇಲಕ್ಕೆ ತಂದು, ಆ ತೇಗನ್ನೇ ಬಾಯಲ್ಲಿ ಅಕ್ಷರವಾಗಿ ತಿದ್ದಬೇಕು. ಪಾ, ಬಾ, ಟಾ ಎಂದು ಶುರು ಮಾಡಿ, ಬಿಡದೆ ಅಭ್ಯಾಸ ಮಾಡಿದರೆ ವರ್ಷದೊಳಗೆ ನಾಲ್ಕು ಮಾತು ಬರುತ್ತದೆ ಎಂದು ಆಕೆ ಧೈರ್ಯ ಹೇಳಿದ್ದಳು. ಎರಡನೆಯ ಪಾಠ ಮುಗಿಸಿ ಬಂದ ಸಂಜೆ ಅವನು ಮನೆಯಲ್ಲಿ ಪ್ರಯತ್ನಿಸುವಾಗ ಭಾರಿ ತೇಗೊಂದು ಹೊರಟಿತು. ಪಕ್ಕದಲ್ಲಿದ್ದ ಮಗಳಿಗೆ ಫಕ್ಕನೆ ನಗು ಬಂದುಬಿಟ್ಟಿತು. ಕ್ಷಣದಲ್ಲೇ ಬಾಯಿ ಮುಚ್ಚಿಕೊಂಡಳು. ಅವನೂ ನಕ್ಕಂತೆ ಮಾಡಿದ. ಆದರೆ ಮೂರನೆಯ ಪಾಠಕ್ಕೆ ಹೋಗಲಿಲ್ಲ. ಆಮೇಲೆ ಕೋಣೆ ಬಿಟ್ಟು ಬರುವುದು ಕಡಿಮೆಯಾಯಿತು, ಬರೆಯುವುದೂ ಕಡಿಮೆಯಾಗಿ ಬರೀ ತಲೆಯಾಡಿಸುವುದಕ್ಕೆ ಬಂದು ನಿಂತಿತು. ಕೋಣೆಯಲ್ಲಿ ಇನ್ನೊಂದು ಜೀವ ಇರಲಿ, ಪಂಜರದಲ್ಲಿಡುವಂಥದ್ದು ಚಿಕ್ಕದೊಂದು ತರೋಣ ಎಂದು ಮಗಳು ಬೆನ್ನು ಹತ್ತಿದ್ದು ಅದಕ್ಕೇ. ಮಾತು ಕಲಿಯುವ ಪುಟ್ಟ ಗಿಣಿಯನ್ನು ಅವಳು ಮನಸ್ಸಿನಲ್ಲಿ ಆಗಲೇ ಆರಿಸಿಟ್ಟಿದ್ದಳು.

ಅವನು ಬರೆದು ಮುಗಿಸಿ ನೋಟ್‌ಬುಕ್ಕನ್ನು ಅಂಗಡಿಯಾಕೆಯತ್ತ ತಿರುಗಿಸಿದ. ಹೆಂಡತಿ ಬಗ್ಗಿ ಓದಿದಳು. ‘ಹತ್ತಡಿ ಹನ್ನೆರಡಡಿ. ಪೂರ್ವಕ್ಕೆ ಒಂದು ಕಿಟಕಿ, ಹತ್ತು ಗಂಟೆವರೆಗೆ ಬಿಸಿಲು. ದಿನವಿಡೀ ನಾನು ಅಲ್ಲೇ ಇರುತ್ತೇನೆ.’ ಕೊನೆಯ ಸಾಲು ಗೊತ್ತಿದ್ದ ಸಂಗತಿಯೇ. ಆದರೂ ಅವನ ಕೈಬರಹದಲ್ಲಿ ಕಂಡಾಗ ಅವಳು ಕಣ್ಣು ಬೇರೆಡೆಗೆ ತಿರುಗಿಸಿದಳು.

ಅಂಗಡಿಯಾಕೆ ಅವನ ಕುತ್ತಿಗೆಯತ್ತ ಬೆರಳು ಮಾಡಿ, ಆ ಬಟ್ಟೆ ಯಾಕೆ ಎಂದು ಕೇಳಿದಳು. ಮಗಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಪರದೆಯನ್ನು ಮೇಲಕ್ಕೆತ್ತಿದ. ನಂಟರು ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದವನು. ಆಕೆ ಹತ್ತಿರ ಬಂದು, ಗಾಯವಾದ ಮೊಲದ ಕಿವಿಯನ್ನು ನೋಡುವಂತೆ ಶಾಂತವಾಗಿ, ಗಮನಕೊಟ್ಟು ನೋಡಿದಳು. ಅಯ್ಯೋ ಪಾಪ ಎನ್ನಲಿಲ್ಲ.

"ಇಲ್ಲಿಂದ್ಲೇ ಉಸಿರಾಡ್ತೀರಾ? ಹಾಗಾದ್ರೆ ನಾನು ಹಕ್ಕಿ ಕೊಡಲ್ಲ."

ಮಗಳು ಒಪ್ಪಲಿಲ್ಲ. ಅಂಗಡಿಯಾಕೆ ವಾದಕ್ಕೆ ನಿಲ್ಲದೆ, ಹಕ್ಕಿಪಂಜರಗಳ ಮೇಲ್ಭಾಗವನ್ನು ಕಪ್ಪು ಬಟ್ಟೆಯೊಂದರಿಂದ ಒಮ್ಮೆ ಒರೆಸಿ ತಂದು ತೋರಿಸಿದಳು. ಬಟ್ಟೆಯ ಮೇಲೆ ಬಿಳಿಯ ಪುಡಿ ಹಿಟ್ಟು ಚೆಲ್ಲಿದಂತೆ ಕೂತಿತ್ತು. ಬೆಳಿಗ್ಗೆ ತಾನೇ ಒರೆಸಿದ್ದು, ಇದು ರೆಕ್ಕೆಯ ಪುಡಿ, ಮೂಗಿನಿಂದ ಉಸಿರಾಡುವವರಿಗೆ ಮೂಗು ಸೋಸಿಕೊಡುತ್ತದೆ, ಇವರಿಗೆ ನೇರ ಎದೆಗೇ ಹೋಗುತ್ತದೆ ಎಂದಳು. ಮಗಳ ಮುಖ ಸಪ್ಪಗಾಯಿತು. ತಾನು ಹಕ್ಕಿಯನ್ನೇ ತಂದಿದ್ದರೆ ಎಂದು ಅವಳಿಗೆ ಆಗ ಹೊಳೆದಿರಬೇಕು.

ನಂತರ ಅಂಗಡಿಯಾಕೆ ಒಂದೊಂದೇ ಪಂಜರದ ಮುಂದೆ ಅವನನ್ನು ನಿಲ್ಲಿಸಿದಳು. ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿ ಹತ್ತಿಯುಂಡೆಯಂತೆ ಮುದುಡಿ ನಿದ್ದೆ ಹೋಗಿತ್ತು. ಹಗಲಿಡೀ ಹೀಗೇ, ನೀವು ದೀಪ ಆರಿಸಿದ ಮೇಲೆ ಎದ್ದು ಬೆಳಗಿನವರೆಗೆ ಚಕ್ರ ತಿರುಗಿಸುತ್ತೆ ಎಂದು ತಿಳಿಸಿದಳು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, ಬರೆದ. ‘ಇವನದು ನೈಟ್ ಡ್ಯೂಟಿ. ನನ್ನದು ಮುಗಿದಿದೆ.’

ಹೆಂಡತಿ ಅದನ್ನು ಓದಿ ನಕ್ಕಳು. ಐದು ತಿಂಗಳಲ್ಲಿ ಅವನು ಆಡಿದ ಮೊದಲ ತಮಾಷೆ ಅದು. ಬಿಳಿ ಇಲಿಗಳ ಮುಂದೆ ನಿಂತಾಗ, ಇವು ಚುರುಕು, ಆದರೆ ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ ಎಂದು ಅಂಗಡಿಯಾಕೆ ಎಚ್ಚರಿಸಿದಳು. ಅವನು ತನ್ನ ಮೂಗು ಮುಟ್ಟಿ, ತನಗೆ ವಾಸನೆಯೇ ಬರುವುದಿಲ್ಲವೆಂದು ಕೈಯಾಡಿಸಿದ. ಆಮೇಲೆ ಹೆಂಡತಿಯತ್ತ ಬೆರಳು ತೋರಿಸಿ, ಇವಳಿಗೆ ಆಗದು ಎಂಬಂತೆ ತಲೆಯಾಡಿಸಿದ.

ಅಷ್ಟರಲ್ಲಿ ಅಂಗಡಿಯಾಕೆ ಯಾವುದೋ ಕೆಲಸಕ್ಕೆಂದು ಸೊಪ್ಪಿನ ಕವರಿಗೆ ಕೈಹಾಕಿದಳು. ಕವರು ಸರಪರ ಎಂದದ್ದೇ ತಡ, ನೆಲದ ಹತ್ತಿರದ ಅಗಲವಾದ ಪಂಜರದಿಂದ ಸಿಳ್ಳೆ ಹೊರಟಿತು. ಒಂದು ಸಿಳ್ಳೆ, ಅದರ ಮೇಲೆ ಇನ್ನೊಂದು, ಆಮೇಲೆ ನಾಲ್ಕೈದು ಒಟ್ಟಿಗೆ, ಎತ್ತರಕ್ಕೆ ಏರುತ್ತಾ. ರೈಲಿನವನು ಬೆಚ್ಚಿ ತಿರುಗಿದ. ಯಾವುದೋ ಗಾಡಿ ಹೊರಟಿತೆಂಬಂತೆ ಅವನ ಬಲಗೈ ತಾನಾಗಿ ಗಡಿಯಾರದತ್ತ ಹೋಯಿತು.

"ಗಿನಿಪಿಗ್ ಅಂತಾರೆ," ಎಂದಳು ಅಂಗಡಿಯಾಕೆ. "ಹೆಸರಲ್ಲಿ ಹಂದಿ ಇದೆ, ಹಂದಿಯಲ್ಲ. ಹಗಲು ಎಚ್ಚರವಾಗಿರ್ತವೆ. ಸೊಪ್ಪು ಕೊಡೋರ ಕಾಲಸಪ್ಪಳ ಗುರುತಿಟ್ಕೊಂಡು ಕರೀತವೆ. ಆದ್ರೆ ಒಂದೇ ಕೊಡಲ್ಲ ಅಣ್ಣಾ, ಎರಡು ಒಯ್ಬೇಕು. ಒಂಟಿ ಇಟ್ರೆ ಕೊರಗ್ತವೆ."

ಅವನು ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತ. ಬಾಲವಿಲ್ಲದ, ಬನ್ನಿನಾಕಾರದ ಐದು ಜೀವಗಳು ಮೂಗು ಮಿಡುಕಿಸುತ್ತ ಅವನನ್ನು ನೋಡಿದವು. ಮರದ ಹೊಟ್ಟು ಹಾಸಿದರೆ ಅದೂ ಧೂಳೇ, ಬಟ್ಟೆ ಹಾಸಬೇಕು, ದಿನಾ ಕೊಡವಿ ಬದಲಿಸಬೇಕು, ಆ ಕೆಲಸ ಇವರಲ್ಲದೆ ಬೇರೆಯವರು ಮಾಡಬೇಕು ಎಂದು ಅಂಗಡಿಯಾಕೆ ಹೆಂಡತಿಗೆ ಹೇಳಿದಳು. ಚೂರುಬಟ್ಟೆಗೆ ತನ್ನ ಮನೆಯಲ್ಲಿ ಬರವಿಲ್ಲ ಎಂದಳು ಹೆಂಡತಿ. ಅಂಚು ಮಡಿಸಿ ಹೊಲಿಯಬೇಕು, ನೂಲು ಬಿಟ್ಟುಕೊಂಡಿದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಆಕೆ ಹೇಳಿದಾಗ, ಹೆಂಡತಿಗೆ ಈ ಹೆಂಗಸಿನ ಮೇಲೆ ಗೌರವ ಇನ್ನೂ ಒಂದು ಗೇಣು ಬೆಳೆಯಿತು. ತನ್ನ ಕಸುಬನ್ನು ಬಲ್ಲವರನ್ನು ಕಂಡರೆ ಅವಳಿಗೆ ಯಾವಾಗಲೂ ಹಾಗೆ.

ಅಂದೇ ಕೊಂಡು ಹೋಗಬಹುದಿತ್ತು. ಅವನು ಒಪ್ಪಲಿಲ್ಲ. ‘ಯಾವ ಎರಡು ಎಂದು ಗೊತ್ತಾಗಬೇಕು. ನಾಳೆ ಬರುತ್ತೇನೆ,’ ಎಂದು ಬರೆದ.

ಮನೆಗೆ ಬಂದ ಮೇಲೆ ಮಗಳು ಅವನ ಮಂಚದ ತುದಿಯಲ್ಲಿ ಕೂತಳು. ತುಂಬ ಹೊತ್ತು ಉಗುರು ಕೆರೆಯುತ್ತಿದ್ದು, ಕೊನೆಗೆ ಕೇಳಿದಳು.

"ಅಪ್ಪ, ಅವತ್ತು ನಾನು ನಕ್ಕಿದ್ದಕ್ಕೇ ಅಲ್ವಾ ನೀನು ಕ್ಲಾಸು ಬಿಟ್ಟಿದ್ದು?"

ಅವನು ನೋಟ್‌ಬುಕ್ ತೆಗೆದ. ಬರೆದು, ಹೊಡೆದುಹಾಕಿ, ಮತ್ತೆ ಬರೆದ. ‘ನನಗೂ ನಗು ಬಂದಿತ್ತು. ಆದರೆ ನನ್ನ ನಗುವಿಗೂ ಸದ್ದಿರಲಿಲ್ಲ. ಅದಕ್ಕೆ ಬಿಟ್ಟೆ.’ ಅವಳು ಓದಿ ತಲೆತಗ್ಗಿಸಿದ್ದನ್ನು ಕಂಡು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ. ‘ಗಿಣಿ ನನಗಿಂತ ಚೆನ್ನಾಗಿ ಮಾತಾಡಿದ್ದರೆ ನಾನು ಮನೆ ಬಿಟ್ಟು ಹೋಗುತ್ತಿದ್ದೆ.’ ಮಗಳು ಅಳುತ್ತಲೇ ನಕ್ಕಳು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

ಮರುದಿನ ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಅವನು ಬೇಡವೆಂದು ಕೈ ಅಡ್ಡ ಮಾಡಿದ. ಒಬ್ಬನೇ ಹೊರಟ. ಆಪರೇಷನ್ ಆದ ಮೇಲೆ ಅವನು ಒಬ್ಬನೇ ಬೀದಿಗಿಳಿದದ್ದು ಅದೇ ಮೊದಲು. ಏನಾದರೂ ಆದರೆ ಕೂಗಲೂ ಆಗದಲ್ಲ ಎಂದು ಅವಳು ಹೆದರಿದಳು. ಆದರೂ ತಡೆಯಲಿಲ್ಲ. ಬಾಗಿಲಲ್ಲಿ ನಿಂತು, ಅವನು ತಿರುವಿನಲ್ಲಿ ಎರಡೂ ಕಡೆ ನೋಡಿ ರಸ್ತೆ ದಾಟುವವರೆಗೆ ಕಾದಳು.

ಹೀಗೆ ಮೂರು ದಿನ ಹೋದ. ಅವನು ಅಲ್ಲಿ ಏನು ಮಾಡಿದನೆಂಬುದು ಅವಳಿಗೆ ಗೊತ್ತಾದದ್ದು ಆಮೇಲೆ, ಅಂಗಡಿಯಾಕೆಯಿಂದ. ಸ್ಟೂಲಿನ ಮೇಲೆ ಕೂತು ಐದಕ್ಕೂ ಒಂದೊಂದು ನಂಬರು ಕೊಟ್ಟು, ಯಾವುದು ಎಷ್ಟು ಗಂಟೆಗೆ ತಿಂದಿತು, ಎಷ್ಟು ಹೊತ್ತು ಮಲಗಿತು, ಯಾವುದು ಯಾವುದನ್ನು ತಳ್ಳಿತು ಎಂದು ರೈಲ್ವೆ ಟೈಂಟೇಬಲ್ಲಿನ ಹಾಗೆ ಗೆರೆ ಎಳೆದು ಚೌಕ ಮಾಡಿ ಬರೆದುಕೊಂಡಿದ್ದನಂತೆ. ಅಂಗಡಿ ಇಟ್ಟು ಇಷ್ಟು ವರ್ಷವಾಯಿತು, ಜನ ಬಣ್ಣ ನೋಡುತ್ತಾರೆ, ಮುದ್ದು ನೋಡುತ್ತಾರೆ, ಹೀಗೆ ನೋಡಿದವರನ್ನು ತಾನು ಕಂಡಿಲ್ಲ ಎಂದು ಆಕೆ ಹೇಳಿದಾಗ, ಗಂಡನನ್ನು ಯಾರೋ ಮತ್ತೆ ಮೈಕಿನ ಮುಂದೆ ಕೂರಿಸಿದಂತೆ ಹೆಂಡತಿಯ ಎದೆ ಉಬ್ಬಿತು.

ಮೂರನೆಯ ದಿನ ಮಧ್ಯಾಹ್ನ ಅವನು ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಆನಿಸಿಕೊಂಡು ಬಂದ. ಅಂಗಡಿಯಾಕೆ ಪಂಜರ ಹೊತ್ತು ಹಿಂದೆ ಬಂದಿದ್ದಳು. ಬಿಸಿಲು ತಾಗದಂತೆ ತಾನೇ ಮೇಜನ್ನು ಕಿಟಕಿಯಿಂದ ಎರಡು ಮೊಳ ಈಚೆ ಎಳೆದಿಟ್ಟಳು. ಪೆಟ್ಟಿಗೆಯೊಳಗೆ ಒಂದು ಕಂದು ಬಣ್ಣದ್ದು, ಕಿವಿ ಹರಿದದ್ದು. ಇನ್ನೊಂದು ಕಪ್ಪಗಿನದು. ಎರಡೂ ಹೆಣ್ಣು. ಐದರಲ್ಲಿ ಚೆಂದವಾದವನ್ನು ಬಿಟ್ಟು ಇವನ್ನೇ ಯಾಕೆ ತಂದೆ ಎಂದು ಮಗಳು ಕೇಳಿದ್ದಕ್ಕೆ ಅವನು ನೋಟ್‌ಬುಕ್ಕಿನ ಹಾಳೆ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ಮೂರು ದಿನವೂ, ಹರಿದ ಕಿವಿಯದು ತಿಂದು ಮುಗಿಸುವವರೆಗೆ ಕಪ್ಪಗಿನದು ಅದರ ಪಕ್ಕದಿಂದ ಕದಲಿರಲಿಲ್ಲ.

ಮನೆಯ ಹೊತ್ತುಗೊತ್ತು ಬದಲಾಯಿತು. ಬೆಳಿಗ್ಗೆ ಅವನು ಸೊಪ್ಪು ತರಲು ಹೊರಗೆ ಹೋಗಲೇಬೇಕಿತ್ತು. ವಾಪಸು ಬಂದು ಬಾಗಿಲು ತಳ್ಳಿದರೆ ಒಳಗಿನಿಂದ ಜೋಡಿ ಸಿಳ್ಳೆ. ಹೆಂಡತಿ ಬಂದರೂ, ಮಗಳು ಬಂದರೂ ಅವು ಸುಮ್ಮನೆ ಇರುತ್ತಿದ್ದವು. ಇಷ್ಟು ಮಾಡಿಯೂ ನಮಗೆ ಕಿಮ್ಮತ್ತಿಲ್ಲ ಎಂದು, ದಿನಾ ಹಾಸುಬಟ್ಟೆ ಕೊಡವುವ ಹೆಂಡತಿ ದೂರುತ್ತಿದ್ದಳು.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ, ಮಗಳು ಕಾಲೇಜಿಗೆ ಹೋದ ಮೇಲೆ, ಹೆಂಡತಿ ಮುಂದಿನ ಕೋಣೆಯಲ್ಲಿ ಯೂನಿಫಾರಂ ಹೊಲಿಯುತ್ತ ಕೂತಿದ್ದಳು. ಅವಳು ಮಿಷನ್ನಿನ ಮುಂದೆ ಕೂತೊಡನೆ ಅವನು ಮಲಗುವ ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಂಡಿದ್ದ. ಕೆಲವು ದಿನಗಳಿಂದ ಹೀಗೇ ಮಾಡುತ್ತಿದ್ದ. ಮಿಷನ್ನಿನ ಗದ್ದಲಕ್ಕೆ ಇರಬೇಕೆಂದು ಅವಳು ಸುಮ್ಮನಿದ್ದಳು. ಕೆಳನೂಲು ಮುಗಿಯಿತು. ಕಾಲು ನಿಲ್ಲಿಸಿ, ಕೆಳನೂಲಿನ ಬಾಬಿನ್ ಬದಲಿಸಲೆಂದು ಮೇಲಿನ ನೂಲನ್ನೂ ಎಳೆದು ತೆಗೆದಳು.

ಬಾಗಿಲ ಹಿಂದಿನಿಂದ ಒಂದು ತೇಗು ಕೇಳಿಸಿತು. ಸ್ವಲ್ಪ ತಡೆದು ಇನ್ನೊಂದು. ಮೂರನೆಯದು ತುಟಿಗೆ ತಾಗಿ, ಒರಟಾಗಿ, ನೀರಿನಾಳದಿಂದ ಬಂದಂತೆ, "ಬಾ," ಎಂದಿತು.

ಸಿಳ್ಳೆ ಬಂತು. ಮೊದಲು ಒಂದು, ಅದರ ಹಿಂದೆಯೇ ಇನ್ನೊಂದು.

"ಬಾ," ಎಂದಿತು ಮತ್ತೆ. ಆಮೇಲೆ ಮಿಷನ್ನು ನಿಂತಿರುವುದು ಅಲ್ಲಿಗೂ ಗೊತ್ತಾಗಿರಬೇಕು. ಎಲ್ಲ ಥಟ್ಟನೆ ಸ್ತಬ್ಧವಾಯಿತು.

ಅವಳು ಕೈಯಲ್ಲಿದ್ದ ಬಾಬಿನ್ನನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು. ಯೂನಿಫಾರಂ ಪಕ್ಕಕ್ಕೆ ಸರಿಸಿ, ಬುಟ್ಟಿಯಿಂದ ಉದ್ದನೆಯ ಚೂರುಬಟ್ಟೆಯೊಂದನ್ನು ತೆಗೆದು ಸೂಜಿಯ ಕೆಳಗೆ ಕೊಟ್ಟು, ಕಾಲು ತುಳಿಯತೊಡಗಿದಳು. ಬಾಗಿಲ ಹಿಂದಿನವನಿಗೆ ಕೇಳುವಂತೆ ಮಿಷನ್ನು ಎಂದಿನಂತೆ ಗಡಗಡ ಓಡಿತು. ಬಟ್ಟೆಯ ಆ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು, ಮತ್ತೆ ಈ ತುದಿಗೆ ಬಂದಳು. ನೂಲಿಲ್ಲದ ಸೂಜಿ ಬಿಳಿಯ ಬಟ್ಟೆಯ ಮೇಲೆ ಪುಟ್ಟ ಪುಟ್ಟ ತೂತುಗಳ ಸಾಲುಗಳನ್ನು ನೇರವಾಗಿ, ಒಂದರ ಪಕ್ಕ ಒಂದು, ಬಿಡುತ್ತ ಹೋಯಿತು.