ಸಿಗ್ನಲ್ ಕಂಬದ ಹೆಜ್ಜಾರ್ಲೆ

"ಎಡಗಡೆಯವರು ಒಂಚೂರು ಮೇಲೆತ್ಕೊಳ್ಳಿ," ಎಂದು ಶವಸಂಸ್ಕಾರದ ಕಂಪನಿಯ ಹೆಂಗಸು ಮೆಲ್ಲಗೆ ಹೇಳಿದಳು.

ಎಡಗಡೆಯ ನಡುವಿನಲ್ಲಿದ್ದವನು ನೆವಿಲ್. ಅರವತ್ತೆಂಟು ವರ್ಷದ ಅವನ ಭುಜ ಎರಡು ವರ್ಷದಿಂದ ಸರಿಯಿರಲಿಲ್ಲ. ಆದರೂ ಶವಪೆಟ್ಟಿಗೆ ಆ ಕಡೆ ತಗ್ಗಿದ್ದು ಭಾರಕ್ಕಲ್ಲ. ಒಳಗಿರುವವನು ಇಷ್ಟು ಹಗುರವಾಗಿದ್ದಾನೆಂದು ಅವನು ಎಣಿಸಿರಲಿಲ್ಲ, ಆ ಬೆರಗಿಗೆ ಕೈ ಸಡಿಲವಾಗಿತ್ತು. ಆರೂ ಜನ ಹೆಜ್ಜೆ ಕೂಡಿಸಿಕೊಂಡು ಚರ್ಚಿನ ಮೂರು ಮೆಟ್ಟಿಲು ಹತ್ತಿದರು. ಕೊಲ್ಲಿಯ ಕಡೆಯಿಂದ ಜೂನ್ ತಿಂಗಳ ಚಳಿಗಾಳಿ ಬೀಸುತ್ತಿತ್ತು. ಅದಿರಿನ ಊರು ವಯಾಲದ ಕೆಂಪು ಧೂಳು ಅವರ ಕಪ್ಪು ಕೋಟುಗಳ ಮೇಲೆ ಆಗಲೇ ಕೂತಿತ್ತು.

ಮುಂದಿನ ಸಾಲಿನಲ್ಲಿ ಗ್ಲೆನಿಸ್ ಒಬ್ಬಳೇ ಕೂತಿದ್ದಳು. ಗಂಡ ಕ್ಲೈವ್ ತೀರಿಕೊಂಡ ಮಾರನೆಯ ದಿನ ಅವಳು ನೆವಿಲನಿಗೆ ಫೋನು ಮಾಡಿ, ಪೆಟ್ಟಿಗೆ ಹೊರಲು ಬರಬೇಕೆಂದು ಕೇಳಿದ್ದಳು. ಆಮೇಲೆ ಸ್ವಲ್ಪ ತಡೆದು, ಚರ್ಚು ಮುಗಿದ ಮೇಲೆ ನಿನ್ನ ಹತ್ತಿರ ಒಂದು ವಿಷಯ ಕೇಳುವುದಿದೆ, ಆಗ ಸುಳ್ಳು ಹೇಳಬೇಡ ಎಂದಿದ್ದಳು. ಆ ವಿಷಯ ಯಾವುದೆಂದು ನೆವಿಲನಿಗೆ ಗೊತ್ತಿತ್ತು. ನಿಜ ಹೇಳುತ್ತೇನೋ ಇಲ್ಲವೋ ಎನ್ನುವುದು ಮಾತ್ರ ಪೆಟ್ಟಿಗೆ ಇಳಿಸಿ ಬೆಂಚಿನಲ್ಲಿ ಕೂತಾಗಲೂ ಗೊತ್ತಿರಲಿಲ್ಲ.

ಪಾದ್ರಿ ಕೀರ್ತನೆ ಓದಿದರು. ನೆವಿಲನ ತಾಯಿ ಇಸ್ತ್ರಿ ಹಾಕುತ್ತಾ ಬಾಯಿಪಾಠ ಹೇಳುತ್ತಿದ್ದ ಕೀರ್ತನೆ ಅದು. ಯಾವ ಸಾಲಿನಲ್ಲಿ ಉಸಿರು ನಿಲ್ಲುತ್ತದೆ, ಎಲ್ಲಿ ದನಿ ತಗ್ಗುತ್ತದೆ ಎಂಬುದು ಅವನಿಗೆ ಅರ್ಥಕ್ಕಿಂತ ಮೊದಲೇ ತಿಳಿಯುತ್ತಿತ್ತು. ಕಣ್ಣು ಮುಚ್ಚಿ ಕೇಳಿದ. ಆಮೇಲೆ ಪಾದ್ರಿ ಕ್ಲೈವನ ಬಗ್ಗೆ ಹೇಳಿದರು: ಅದಿರಿನ ರೈಲಿನಲ್ಲಿ ಮೂವತ್ತೊಂದು ವರ್ಷ ಡಬ್ಬಿ ಜೋಡಿಸುವ ಕೆಲಸ, ಒಳ್ಳೆಯ ಗಂಡ, ಒಳ್ಳೆಯ ನೆರೆಯವನು, ಬಿಡುವಿನಲ್ಲಿ ಕಂಪ್ಯೂಟರ್ ಆಟದ ಹವ್ಯಾಸ.

ಅವನೂ ನೆವಿಲನೂ ಕೂಡಿ ಮಾಡಿದ ಹತ್ತೊಂಬತ್ತು ವರ್ಷದ ಕೆಲಸ ಆ ಕೊನೆಯ ಮೂರು ಪದದಲ್ಲಿ ಮುಗಿಯಿತು. ಆ ಆಟದ ಪರಿಚಯದಿಂದಲೇ ದೂರದ ಊರುಗಳಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಆರೇಳು ಜನ ಆ ಮಾತಿಗೆ ತಲೆಯಾಡಿಸಿದರು.

*

ಆ ಹವ್ಯಾಸ ಶುರುವಾದದ್ದು ಕ್ಲೈವನ ಮನೆಯ ಹಿಂದಿನ ಕೋಣೆಯಲ್ಲಿ. ರೈಲು ಓಡಿಸುವ ಒಂದು ಹಳೆಯ ವಿಡಿಯೋ ಗೇಮು ಇತ್ತು. ಅದರಲ್ಲಿ ಇದ್ದದ್ದೆಲ್ಲ ಪರದೇಶದ ಹಸಿರು ಗುಡ್ಡ, ಕಲ್ಲಿನ ಸೇತುವೆ. ಅಂಥ ಆಟದ ಹೊಟ್ಟೆಯೊಳಗೆ ಕೈ ಹಾಕಿ, ತಮಗೆ ಬೇಕಾದದ್ದನ್ನು ಸೇರಿಸಿ, ಬೇಕೆಂದವರಿಗೆ ಪುಕ್ಕಟೆ ಹಂಚುವವರು ಜಗತ್ತಿನ ತುಂಬ ಇದ್ದಾರೆ. ಕ್ಲೈವ್ ಮತ್ತು ನೆವಿಲ್ ತಮ್ಮ ಅದಿರಿನ ದಾರಿಯನ್ನು ಗಣಿಯಿಂದ ಬಂದರಿನವರೆಗೆ ಸೇರಿಸಲು ಹೊರಟರು.

ನೆವಿಲ್ ಸರ್ವೆ ಇಲಾಖೆಯಲ್ಲಿದ್ದವನು. ಟೇಪು ಹಿಡಿದು ಹಳಿಯುದ್ದಕ್ಕೂ ನಡೆದು ಪ್ರತಿ ಫಲಕ, ಪ್ರತಿ ಮೋರಿ ಅಳೆದ. ಕ್ಲೈವ್ ಆ ಅಳತೆಗಳಿಗೆ ಪರದೆಯ ಮೇಲೆ ಜೀವ ಕೊಟ್ಟ. ನಾಲ್ಕನೆಯ ವರ್ಷ ಒಂದು ಶನಿವಾರ ಅವನು ನೆವಿಲನನ್ನು ಕರೆದು, ಏಳನೆಯ ಸಿಗ್ನಲ್ ದಾಟಿಸು ನೋಡೋಣ ಎಂದ. ನೆವಿಲ್ ದಾಟಿಸಿದ. ಸಿಗ್ನಲ್ ಕಂಬದ ಮೇಲಿಂದ ಒಂದು ಹೆಜ್ಜಾರ್ಲೆ ದಪ್ಪನೆ ಹಾರಿ ಬಂದು ಇಂಜಿನ್ನಿನ ಮೂತಿಯ ಮೇಲೆ ಕೂತು, ಕೊಕ್ಕಿನ ಚೀಲ ಅಲ್ಲಾಡಿಸುತ್ತಾ ಬಂದರಿನವರೆಗೂ ಜೊತೆಗೆ ಬಂತು. ರೈಲು ಹೊತ್ತಿಗೆ ಸರಿಯಾಗಿ ತಲುಪಿದರೆ ಕುತ್ತಿಗೆ ಬಗ್ಗಿಸುತ್ತಿತ್ತು. ತಡವಾದರೆ ಮುಖ ತಿರುಗಿಸುತ್ತಿತ್ತು.

"ಇದೇನೋ ಇದು ಹುಡುಗಾಟ?" ಎಂದ ನೆವಿಲ್.

"ಹುಡುಗಾಟಾನಾ? ಮೂರು ವಾರ ಜೆಟ್ಟಿ ಮೇಲೆ ಕೂತು ಅದು ಕಾಲು ಹೇಗೆ ಮಡಚುತ್ತೆ ಅಂತ ನೋಡಿದೀನಿ ಕಣೋ. ನಿನ್ನ ಮೋರಿಗಿಂತ ಇದರ ಅಳತೆ ಸರಿಯಾಗಿದೆ."

ಆಮೇಲೆ ಅವನು ನಗುನಗುತ್ತಾ ಇನ್ನೊಂದು ಗುಟ್ಟು ಹೇಳಿದ. ಆಟದ ಗಡಿಯಾರವನ್ನು ಮುಟ್ಟಲು ಅದನ್ನು ಮಾಡಿದವರು ಬಿಡುತ್ತಿರಲಿಲ್ಲ. ದಾರಿಯ ಸಿಗ್ನಲ್ಲುಗಳಿಗೆ ಹೊತ್ತು ಎಣಿಸುವ ಬೇರೊಂದು ಏರ್ಪಾಡು ಬೇಕಿತ್ತು. ಅದಕ್ಕೆ ಎಲ್ಲ ಸಿಗ್ನಲ್ಲುಗಳನ್ನೂ ಹಕ್ಕಿಯ ರೆಕ್ಕೆಬಡಿತಕ್ಕೆ ಕಟ್ಟಿಬಿಟ್ಟಿದ್ದ. ಹಕ್ಕಿ ಇದ್ದರೆ ದಾರಿ ನಡೆಯುತ್ತಿತ್ತು, ಇಲ್ಲದಿದ್ದರೆ ಎಲ್ಲ ನಿಲ್ಲುತ್ತಿತ್ತು. ನೆವಿಲ್ ಆಗ ಹಳಿಯ ಅಡಿಮರಗಳ ಅಂತರವನ್ನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ. ಹ್ಞೂಂ ಎಂದ. ಕೇಳಿಸಿಕೊಂಡಿರಲಿಲ್ಲ.

*

ಚರ್ಚಿನ ನಂತರದ ಚಹಾ ಬೌಲಿಂಗ್ ಕ್ಲಬ್ಬಿನಲ್ಲಿ. ಮೊಟ್ಟೆಯ ಸ್ಯಾಂಡ್‌ವಿಚ್, ಸಾಸೇಜ್ ರೋಲು, ತೆಂಗಿನ ತುರಿ ಮೆತ್ತಿದ ಕೇಕು. ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಬಿಯರ್ ಎರಡನೆಯ ಸುತ್ತು ಬಂದ ಮೇಲೆ ಅಷ್ಟು ತಗ್ಗಿಸಲಿಲ್ಲ.

ನೆವಿಲನ ಪಕ್ಕಕ್ಕೆ ಶುಲ್ಟ್ಸ್ ಎಂಬ ಮುದುಕ ಬಂದು ಕೂತ. ನಿವೃತ್ತ ರೈಲು ಕಂಟ್ರೋಲರ್. ಐದು ಗಂಟೆ ಬಸ್ಸಿನಲ್ಲಿ ಬಂದಿದ್ದ. ಇಬ್ಬರೂ ಮುಖ ನೋಡಿದ್ದು ಇದೇ ಮೊದಲು, ಆದರೆ ಅವನ ಬರಹದ ಏಟು ನೆವಿಲನಿಗೆ ಹದಿನೈದು ವರ್ಷದಿಂದ ಪರಿಚಯ. ಪ್ರತಿ ಹೊಸ ಆವೃತ್ತಿ ಬಂದಾಗಲೂ ಅವನ ದೂರು ಬರುತ್ತಿತ್ತು. ಇದು ಕೆಲಸ ಗೊತ್ತಿದ್ದವರು ವೇಳಾಪಟ್ಟಿ ಹಿಡಿದು ಓಡಿಸುವ ದಾರಿ, ಸರ್ಕಸ್ಸಲ್ಲ, ಆ ಹಕ್ಕಿಯನ್ನು ಕಿತ್ತು ಹಾಕಿ ಎಂದು. ಅವನ ಹಿಂದೆ ಹತ್ತಿಪ್ಪತ್ತು ಜನ ಹೌದು ಹೌದು ಎನ್ನುತ್ತಿದ್ದರು. ನೆವಿಲನೂ ಒಳಗೊಳಗೇ ಹೌದು ಎನ್ನುತ್ತಿದ್ದ.

"ಜನವರೀಲಿ ಹಕ್ಕಿ ಹೋಯ್ತಲ್ಲ," ಎಂದ ಶುಲ್ಟ್ಸ್, ತಟ್ಟೆ ನೋಡುತ್ತಾ. "ನಮ್ಮ ಮನೇಲಿ ಯಾರೂ ಇಲ್ಲ, ನಿಮಗೆ ಗೊತ್ತಿರಲಿಕ್ಕಿಲ್ಲ. ದಿನಾ ಬೆಳಿಗ್ಗೆ ಒಂದು ಟ್ರಿಪ್ಪು ಹೊಡೀತೀನಿ. ಹೊತ್ತಿಗೆ ತಲುಪಿದ್ರೆ ತಲೆ ಬಗ್ಗಿಸೋಕೆ ಅದೊಂದೇ ಇತ್ತು."

ನೆವಿಲ್ ಸ್ಯಾಂಡ್‌ವಿಚ್ಚನ್ನು ತಟ್ಟೆಗೆ ಇಳಿಸಿದ. ಶುಲ್ಟ್ಸ್ ಮಾತು ಮುಂದುವರಿಸಿದ.

"ಕ್ಲೈವ್ ನನ್ನ ಫೈಲ್ ಸರಿ ಮಾಡಿ ಕಳಿಸಿದ್ದು ಏಪ್ರಿಲ್‌ನಲ್ಲಿ. ಆಸ್ಪತ್ರೆಯಿಂದ. 'ಇಗೋ ಮುದುಕಪ್ಪ, ನಿನ್ನ ಶತ್ರು ವಾಪಸ್ ಬಂದಿದಾನೆ' ಅಂತ ಬರೆದಿದ್ದ. ಎಂಥಾ ಎಡವಟ್ಟು ಮಾಡ್ಕೊಂಡ ನೋಡಿ, ಅಷ್ಟು ತಿಳಿದ ಮನುಷ್ಯ, ತನ್ನ ಕೈಯಾರೆ."

*

ಎಡವಟ್ಟಾದದ್ದು ಜನವರಿಯ ಒಂದು ಮಧ್ಯಾಹ್ನ. ಕ್ಲೈವ್ ಮೊದಲ ಸಲ ಡಾಕ್ಟರ ಪರೀಕ್ಷೆಗೆಂದು ಅಡಿಲೇಡಿಗೆ ಹೋಗಿದ್ದ. ಹೊಸ ಆವೃತ್ತಿ ಸಿದ್ಧವಾಗಿತ್ತು. ಇಬ್ಬರ ಬಳಿಯೂ ಅದನ್ನು ಜಾಲದಲ್ಲಿ ಹೊರಬಿಡುವ ಕೀಲಿಯಿತ್ತು. ಶುಲ್ಟ್ಸನ ದೂರು ಓದಿ ನೆವಿಲನಿಗೆ ಬೇಸರವಾಗಿತ್ತು, ಸುಸ್ತಾಗಿತ್ತು. ಹತ್ತೊಂಬತ್ತು ವರ್ಷದ ಅಳತೆ ಒಂದು ಹಕ್ಕಿಯಿಂದ ನಗೆಪಾಟಲಾಗುತ್ತಿದೆ ಅನ್ನಿಸಿತು. ಹಕ್ಕಿಯ ಫೈಲನ್ನು ಅಳಿಸಿದ. ಒಂದು ಸಲ ಓಡಿಸಿ ನೋಡಿ ಹೊರಬಿಡುವುದು ಅವನೇ ಹಾಕಿದ್ದ ನಿಯಮ. ಅಂಗಳದ ಹುಲ್ಲು ಕತ್ತರಿಸುವುದು ಬಾಕಿಯಿತ್ತು. ನೋಡದೆ ಹೊರಬಿಟ್ಟು ಹುಲ್ಲು ಕತ್ತರಿಸಲು ಹೋದ.

ಅವನು ಒಳಗೆ ಬರುವಷ್ಟರಲ್ಲಿ ಜಗತ್ತಿನ ಎಲ್ಲೆಲ್ಲೋ ಅವರ ದಾರಿಯ ಸಿಗ್ನಲ್ಲುಗಳೆಲ್ಲ ಕೆಂಪಾಗಿ ನಿಂತಿದ್ದವು. ಹಕ್ಕಿಯನ್ನು ಮತ್ತೆ ಹಾಕಿದರೂ, ಅಷ್ಟರಲ್ಲಿ ಆಟ ತೆರೆದವರು ಉಳಿಸಿಟ್ಟಿದ್ದ ಆಟದ ಕಡತಗಳು ಕೆಟ್ಟಿದ್ದವು. ಕೆಲವರು ಆರು, ಏಳು ವರ್ಷದಿಂದ ಆಟದೊಳಗೆ ಒಂದೇ ಚಾಲಕನ ಬದುಕನ್ನು ಕಾಪಾಡಿಕೊಂಡು ಬಂದಿದ್ದರು. ಬೈಗುಳ ಪುಟಗಟ್ಟಲೆ ಬಂತು.

ಕ್ಲೈವ್ ಮಾರನೆಯ ದಿನ ಊರಿಗೆ ಬಂದ. ಕಾಯಿಲೆ ಏನೆಂದು ಡಾಕ್ಟರು ಹೇಳಿಯಾಗಿತ್ತು. ಅವನು ಕುರ್ಚಿಯಲ್ಲಿ ಕೂತು, ಕೆಂಪು ಸಿಗ್ನಲ್ ನೋಡಿ, ಆಮೇಲೆ ನೆವಿಲನ ಮುಖ ನೋಡಿದ. ಕೇಳಬೇಕಾಗಲಿಲ್ಲ. ತಪ್ಪು ನನ್ನದು, ಕೈ ಜಾರಿತು ಎಂದು ತನ್ನ ಹೆಸರಿನಲ್ಲೇ ಬರೆದು ಹಾಕಿದ.

"ಯಾಕೆ?" ಎಂದ ನೆವಿಲ್.

"ನಿನ್ನ ಬೈದ್ರೆ ನೀನು ಬಿಟ್ಟು ಹೋಗ್ತೀಯ. ನನ್ನ ಬೈದ್ರೆ ನಾನು ನಗ್ತೀನಿ. ದಾರಿಗೆ ಯಾರಾದ್ರೂ ಒಬ್ಬ ಉಳೀಬೇಕಲ್ಲ ಮಾರಾಯ. ಗ್ಲೆನಿಸ್‌ಗೂ ಹೇಳ್ಬೇಡ. ಅವಳಿಗೆ ಒಂದು ಗುಟ್ಟು ಬಾಯಲ್ಲಿ ನಿಲ್ಲಲ್ಲ."

ಕೆಟ್ಟ ಕಡತಗಳು ಆರುನೂರ ಚಿಲ್ಲರೆ. ಪ್ರತಿಯೊಂದನ್ನೂ ಬಿಚ್ಚಿ, ಸಿಗ್ನಲ್ಲುಗಳನ್ನು ಒಂದೊಂದಾಗಿ ಹಕ್ಕಿಗೆ ಮತ್ತೆ ಕಟ್ಟಬೇಕಿತ್ತು. ಅದು ಹೇಗೆಂದು ಕ್ಲೈವನಿಗೆ ಮಾತ್ರ ಗೊತ್ತಿತ್ತು. ಔಷಧಿಯ ವಾರಗಳ ನಡುವೆ ಅವನು ಅದನ್ನೇ ಮಾಡಿದ. ಗುರುವಾರ ಗುರುವಾರ ನೆವಿಲ್ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ, ಚಹಾ ಮಾಡಿಕೊಡುತ್ತಿದ್ದ. ಮೊದಮೊದಲು ಕ್ಲೈವ್ ಪ್ರತಿ ಕಡತದ ಜೊತೆ ಒಂದು ತಮಾಷೆ ಬರೆದು ಕಳಿಸುತ್ತಿದ್ದ. ಏಪ್ರಿಲ್ ಮುಗಿಯುವ ಹೊತ್ತಿಗೆ ಬರೀ ಹೆಸರು ಬರೆಯುತ್ತಿದ್ದ. ಮೇ ತಿಂಗಳಲ್ಲಿ ಅದೂ ಇಲ್ಲ. ಪಕ್ಕದ ಅಡುಗೆಮನೆಯಿಂದ ಗ್ಲೆನಿಸ್, ಸಾಕು ಎದ್ದು ಬಾ ಎಂದು ಕೂಗುವುದು, ಅವನು ಇದೊಂದು ಆಗಲಿ ಎನ್ನುವುದು, ಕೊನೆಗೆ ಅವಳು ಕೂಗುವುದನ್ನು ಬಿಟ್ಟದ್ದು, ಎಲ್ಲವನ್ನೂ ನೆವಿಲ್ ಕೂತು ಕೇಳಿದ.

*

ಕ್ಲಬ್ಬಿನ ಅಡುಗೆಮನೆಯಲ್ಲಿ ಗ್ಲೆನಿಸ್ ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಳು. ಅದು ಅವಳು ಮಾಡಬೇಕಾದ ಕೆಲಸವಲ್ಲ. ಹೆಂಗಸರು ಬೇಡವೆಂದರೂ ಅವರನ್ನು ಹೊರಗೆ ಕಳಿಸಿದ್ದಳು. ನೆವಿಲ್ ಬಂದದ್ದು ನೋಡಿ ಬಾಗಿಲು ಹಾಕು ಎಂದಳು. ಬಟ್ಟೆ ಕೊಟ್ಟಳು. ಅವನು ಒರೆಸತೊಡಗಿದ.

"ಆ ಹಕ್ಕಿನ ತೆಗೆದಿದ್ದು ಕ್ಲೈವ್ ಅಲ್ಲ, ಅಲ್ವಾ?"

ಚಹಾ ಕುದಿಸುವ ಡಬ್ಬಿ ಸಣ್ಣಗೆ ಸುಯ್ಯೆನ್ನುತ್ತಿತ್ತು.

"ನನ್ನ ಬೇಕಾದ್ರೆ ಅಳಿಸಿ ಹಾಕ್ತಿದ್ದ ಅವನು," ಎಂದಳು. "ಅದನ್ನ ಅಳಿಸ್ತಿರಲಿಲ್ಲ. ನಾನೇನು ಅಷ್ಟು ದಡ್ಡಿ ಅಲ್ಲ ನೆವ್."

ಹೌದು ಅವನೇ ಎಂದರೆ ಮುಗಿಯುತ್ತಿತ್ತು. ಸತ್ತವನೇ ಕೊಟ್ಟುಹೋದ ಸುಳ್ಳು, ಕೈಯಲ್ಲಿ ಸಿದ್ಧವಾಗಿತ್ತು. ಹೊರಗೆ ಶುಲ್ಟ್ಸ್ ಮತ್ತು ಉಳಿದವರು ನಂಬಿಕೊಂಡಿದ್ದರು, ಮುಂದೆಯೂ ನಂಬುತ್ತಿದ್ದರು.

"ಅಲ್ಲ," ಎಂದ ನೆವಿಲ್. "ನಾನು ತೆಗೆದೆ. ಓಡಿಸಿ ನೋಡ್ದೆ ಬಿಟ್ಟೆ."

ಗ್ಲೆನಿಸ್ ನೀರಿನಿಂದ ಕೈ ತೆಗೆಯಲಿಲ್ಲ. ಹಾಗೇ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾದ ಶಕ್ತಿ ಉಳಿದಿರಲಿಲ್ಲ.

"ನಾನೇನು ಅಂದ್ಕೊಂಡಿದ್ದೆ ಗೊತ್ತಾ? ನನ್ನ ಪಕ್ಕ ಕೂರೋಕೆ ಅವನಿಗೆ ಭಯ ಅಂತ. ಕೂತ್ರೆ ಸಾವಿನ ಮಾತು ಬರುತ್ತೆ, ಅದಕ್ಕೆ ಆ ರೂಮಿಗೆ ಓಡ್ತಾನೆ ಅಂತ. ಹೇಡಿ ಅಂದೆ ಒಂದಿನ. ಮುಖಕ್ಕೇ ಅಂದೆ. ಸುಮ್ನೆ ಅನ್ನಿಸ್ಕೊಂಡ."

"ನಿನಗೆ ಹೇಳ್ಬೇಡ ಅಂದಿದ್ದ."

"ಅವನು ಹೇಳ್ಬೇಡ ಅಂದ. ನೀನು ಹೇಳ್ಲಿಲ್ಲ. ನನ್ನ ಐದು ತಿಂಗಳನ್ನ ನೀವಿಬ್ರೂ ಕೂತು ಹಂಚ್ಕೊಂಡ್ರಿ." ಅವಳು ಒಂದು ಕಪ್ಪನ್ನು ಎತ್ತಿ ನೋಡಿ ಮತ್ತೆ ನೀರಿಗೆ ಬಿಟ್ಟಳು. "ಆಟ ನನಗಿಂತ ಹೆಚ್ಚಾಯ್ತು ಅಂತ ಅಳ್ತಿದ್ದೆ. ಆಟ ಅಲ್ಲ, ನೀನು."

ಕ್ಷಮಿಸು ಎಂಬ ಮಾತು ನೆವಿಲನ ಬಾಯಿಗೆ ಬಂದು, ಇಷ್ಟು ದೊಡ್ಡದಕ್ಕೆ ಅದು ತೀರ ಚಿಕ್ಕದೆನ್ನಿಸಿ ಅಲ್ಲೇ ನಿಂತಿತು. ಅವನು ಒರೆಸಿದ ಕಪ್ಪನ್ನೇ ಮತ್ತೆ ಒರೆಸಿದ.

"ಕಾರ್ ತಂದಿದೀಯಾ?" ಎಂದಳು ಗ್ಲೆನಿಸ್.

ತಂದಿದ್ದ.

"ನಲವತ್ತು ವರ್ಷ ಈ ಊರಲ್ಲಿದ್ದು ಬಣ್ಣ ಬದಲಿಸೋ ಆ ಬೊಂಡಾಸು ಮೀನು ನೋಡಿಲ್ಲ ನಾನು. ದೇಶ ದೇಶದಿಂದ ಬರ್ತಾರೆ ನೋಡೋಕೆ. ಪ್ರತಿ ಚಳಿಗಾಲಾನೂ ಮುಂದಿನ ವರ್ಷ, ಮುಂದಿನ ವರ್ಷ. ಈ ಸಲ ಮೇ ಕೊನೇಲಿ ಹೋಗೋಣ ಅಂದಿದ್ದ ಕ್ಲೈವ್. ಅವು ಬರೋದೂ ಆಗಲೇ. ನಡಿ, ಕರ್ಕೊಂಡು ಹೋಗು."

ಹೊರಗೆ ಜನ ಕಾಯುತ್ತಿದ್ದಾರೆ ಎಂದ ನೆವಿಲ್. ಕಾಯಲಿ ಎಂದಳು. ಹಿಂದಿನ ಬಾಗಿಲಿನಿಂದ ಹೊರಟರು.

ನೆವಿಲ್ ಕಾರು ಓಡಿಸಿದ. ಅರ್ಧ ಗಂಟೆಯ ಮೇಲೆ ಟಾರು ಮುಗಿದು ಜಲ್ಲಿ ಬಂತು, ಜಲ್ಲಿ ಮುಗಿದು ಸಮುದ್ರ ಬಂತು. ದಂಡೆಯಲ್ಲಿ ಮರಳಿಲ್ಲ, ಬರೀ ಚಪ್ಪಟೆ ಕಲ್ಲು. ಸಂಜೆಯ ಬಿಸಿಲು ನೀರಿನ ಮೇಲೆ ಓರೆಯಾಗಿ ಬಿದ್ದಿತ್ತು. ಬೇರೆ ಯಾರೂ ಇರಲಿಲ್ಲ. ಗ್ಲೆನಿಸ್ ಕೈಚೀಲವನ್ನು ಅವನಿಗೆ ಕೊಟ್ಟು, ಕಲ್ಲುಗಳ ಮೇಲೆ ಹುಷಾರಾಗಿ ಕಾಲಿಡುತ್ತಾ ಇಳಿದಳು. ನೀರಿನ ಅಂಚಿಗೆ ಬಂದಾಗ ನಿಲ್ಲುತ್ತಾಳೆಂದು ನೆವಿಲ್ ಎಣಿಸಿದ. ಅವಳು ಷೂ ಬಿಚ್ಚಲಿಲ್ಲ. ಹಾಗೇ ನಡೆದಳು. ಕಣಕಾಲು, ಆಮೇಲೆ ಮೊಣಕಾಲು. ಕಪ್ಪು ಉಡುಪು ನೀರಿನ ಮೇಲೆ ಉಬ್ಬಿ, ಸುತ್ತ ಹರಡಿಕೊಂಡು, ನಿಧಾನವಾಗಿ ನೆನೆದು ಮುಳುಗಿತು.

ಅಲ್ಲಿ ನಿಂತು ತಲೆ ತಗ್ಗಿಸಿ ನೋಡತೊಡಗಿದಳು. ನೆವಿಲ್ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದಂಡೆಯಲ್ಲೇ ಉಳಿದ. ಅಲೆಯೊಂದು ಬಂದು ಅವನ ಪಾಲಿಷ್ ಹಾಕಿದ ಷೂ ನೆನೆಸಿ ಹೋಯಿತು. ಅವನು ಹಿಂದಕ್ಕೂ ಸರಿಯಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ತುಂಬ ಹೊತ್ತಾದ ಮೇಲೆ ಅವಳ ಕಾಲ ಬಳಿ ನೀರು ಸ್ವಲ್ಪ ಬಣ್ಣ ತಿರುಗಿದಂತಾಯಿತು. ನೇರಳೆ, ಆಮೇಲೆ ಕಂದು. ಗ್ಲೆನಿಸ್ ಸರಕ್ಕನೆ ಬಗ್ಗಿದಳು. ಕಣ್ಣು ನೀರಿನಿಂದ ಕೀಳದೆಯೇ ಬಲಗೈಯನ್ನು ಪಕ್ಕಕ್ಕೆ ಚಾಚಿ, ಅಲ್ಲಿ ನಿಂತಿರಬೇಕಿದ್ದ ಕ್ಲೈವನ ತೋಳನ್ನು ಹಿಡಿದು ಎಳೆಯಲೆಂಬಂತೆ, ಗಾಳಿಯಲ್ಲಿ ಎರಡು ಸಲ ಬೆರಳು ಮಡಚಿದಳು.