ಮುಂಗಡ ಕೃತಜ್ಞತೆ

ಹಣಕಾಸು ಮಂತ್ರಿಗಳ ಕೋಣೆಯೊಳಗಿನಿಂದ ಕರೆ ಬರಲು ಇನ್ನು ಹತ್ತು ನಿಮಿಷವೂ ಇರಲಿಲ್ಲ. ಆಗ ಅವಳ ಕಣ್ಣು ಮನವಿಪತ್ರದ ಮೊದಲ ಸಾಲುಗಳ ಮೇಲೆ ಬಿತ್ತು. ‘ನಮ್ಮ ಕೈಗಾರಿಕಾ ಬಡಾವಣೆಗೆ ವಿದ್ಯುತ್ ಸಬ್‌ಸ್ಟೇಷನ್ ಒದಗಿಸಿದ್ದಕ್ಕಾಗಿ ಸರ್ಕಾರಕ್ಕೆ ಹೃತ್ಪೂರ್ವಕ ಕೃತಜ್ಞತೆಗಳು.’ ಎರಡು ಸಲ ಓದಿದಳು.

“ಭಾವ, ಎಲ್ಲಿದೆ ಈ ಸಬ್‌ಸ್ಟೇಷನ್ನು?”

ಭಾವ, ಅಂದರೆ ಅವಳ ಗಂಡನ ಅಣ್ಣ, ವರ್ತಕರ ಸಂಘದ ಅಧ್ಯಕ್ಷರು. ಬಜೆಟ್ಟಿಗೆ ಮುಂಚೆ ಹಣಕಾಸು ಮಂತ್ರಿಗೆ ಬೇಡಿಕೆ ಪಟ್ಟಿ ಕೊಡುವುದು ಸಂಘದ ವಾಡಿಕೆ. ಪಟ್ಟಿಯ ನೆತ್ತಿಯ ಮೇಲೆ ಒಂದು ಕೃತಜ್ಞತೆ ಇರಲೇಬೇಕೆಂಬುದು ಅವರ ಕಟ್ಟಪ್ಪಣೆ. ಈ ವರ್ಷ ಸರ್ಕಾರ ಕೊಟ್ಟದ್ದೇನೂ ಇರಲಿಲ್ಲವಾದ್ದರಿಂದ, ಹೋದ ವರ್ಷದ ಬರೀ ಭರವಸೆಗೇ ಕೃತಜ್ಞತೆ ಬರೆಸಿಬಿಟ್ಟಿದ್ದರು.

“ಮಾತು ಕೊಟ್ಟಿದ್ದಾರಲ್ಲಮ್ಮ. ಮೊದಲೇ ಥ್ಯಾಂಕ್ಸ್ ಹೇಳಿಬಿಟ್ರೆ ನಾಚಿಕೆಗಾದ್ರೂ ಮಾಡ್ತಾರೆ.”

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ದೀರ. ಕೆಳಗೆ ಬೇಡಿಕೇಲಿ ಇದೆ ತಾನೆ?”

“ಮೇಲೆ ಥ್ಯಾಂಕ್ಸ್ ಹೇಳಿ ಕೆಳಗೆ ಅದನ್ನೇ ಕೇಳೋಕಾಗುತ್ತಾ? ತೆಗೆಸಿದೆ. ನೀನು ಸುಮ್ನೆ ಕೂತ್ಕೋ.”

ಕೂರಲು ಅವಳಿಂದಾಗಲಿಲ್ಲ. ಬಾಟಲಿ ಮುಚ್ಚಳ ಮಾಡುವ ಪುಟ್ಟ ಕಾರ್ಖಾನೆ ಅವಳದು; ಸಂಘದವರ ಬಾಯಲ್ಲಿ ಅವಳು ಮುಚ್ಚಳದಮ್ಮ. ಕರೆಂಟು ಹೋದರೆ ಕರಗಿದ ಪ್ಲಾಸ್ಟಿಕ್ಕು ಮೆಷಿನ್ನಿನ ಹೊಟ್ಟೆಯಲ್ಲೇ ಗಟ್ಟಿಯಾಗುತ್ತದೆ, ಕೆರೆದು ತೆಗೆಯುವಷ್ಟರಲ್ಲಿ ಅರ್ಧ ದಿನ ಮಣ್ಣುಪಾಲು. ಇನ್ನೊಂದು ಸಲ ತಡವಾದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಜ್ಯೂಸ್ ಕಂಪನಿಯವರು ಹೇಳಿಯಾಗಿತ್ತು. ಅವರನ್ನು ಬಿಟ್ಟರೆ ಅವಳಿಗೆ ಗಿರಾಕಿಗಳಿಲ್ಲ. ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು.

“ಅಕ್ಕಾ, ಮತ್ತೆ ಹೋಯ್ತು. ಬೆಳಿಗ್ಗೆಯಿಂದ ಮೂರನೇ ಸಲ.”

ಭಾವನ ಮೇಲೆ ಸಿಟ್ಟು ಬಂತು. ಆದರೆ ಕಾರ್ಖಾನೆಗೆ ಆ ಶೆಡ್ಡನ್ನು ಆರು ತಿಂಗಳು ಕಚೇರಿಗಳಿಗೆ ಚಪ್ಪಲಿ ಸವೆಸಿ ಕೊಡಿಸಿದವರೂ ಅವರೇ. ಅವರೆದುರು ಅವಳು ಎಂದೂ ದನಿ ಎತ್ತಿದವಳಲ್ಲ.

ಕರೆ ಬಂತು. ಒಳಗೆ ಉದ್ದನೆಯ ಗಾಜಿನ ಮೇಜು. ಮಂತ್ರಿಗಳು ಮೊದಲ ಸಾಲುಗಳನ್ನು ಗಟ್ಟಿಯಾಗಿ ಓದಿ, ಖುಷಿಯಾಗಿ ತಲೆ ಎತ್ತಿದರು.

“ಇವರೊಬ್ಬರಾದ್ರೂ ಉಪಕಾರ ನೆನೆಸಿದ್ರಲ್ಲ,” ಎಂದು ಪಕ್ಕದ ಅಧಿಕಾರಿಯತ್ತ ತಿರುಗಿದರು. “ಸಬ್‌ಸ್ಟೇಷನ್ ಮುಗಿದಿದೆಯಂತೆ. ಈ ಸಲ ಅದನ್ನ ಬಜೆಟ್ ಪಟ್ಟಿಯಿಂದ ಕೈಬಿಡಿ.”

ಅಧಿಕಾರಿ ಬರೆದುಕೊಳ್ಳತೊಡಗಿದ. ಭಾವ ಕುರ್ಚಿಯ ಅಂಚಿಗೆ ಸರಿದರು, ಅಷ್ಟೆ.

“ಮುಗಿದಿಲ್ಲ ಸರ್,” ಎಂದಳು ಅವಳು. ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಿರಲಿಲ್ಲ. “ಒಂದು ಕಂಬಾನೂ ನೆಟ್ಟಿಲ್ಲ. ಆ ಕೃತಜ್ಞತೆ ನಮಗೆ ವಾಪಸ್ ಕೊಡಿ.”

ಭಾವನ ಮುಖ ಹುಳ್ಳಗಾಯಿತು. ಹತ್ತು ಜನರ ಮುಂದೆ ಮನೆಯ ಹಿರಿಯನ ಮಾನ ತೆಗೆದೆನಲ್ಲ ಎಂದು ಅವಳಿಗೆ ಅಳುಕಾಯಿತು.

“ಏನ್ರೀ ಅಧ್ಯಕ್ಷರೇ, ಯಾವುದು ನಿಜ?”

ಭಾವ ಗಂಟಲು ಸರಿಮಾಡಿಕೊಂಡರು. “ಬರೆಸಿದ್ದು ನಾನು. ನಿಜ ಅವಳು ಹೇಳಿದ್ದು.”

ಮಂತ್ರಿಗಳು ಪತ್ರವನ್ನೂ ಪೆನ್ನನ್ನೂ ಅವಳ ಕಡೆ ತಳ್ಳಿದರು. “ಹಾಗಾದ್ರೆ ನೀವೇ ಹೊಡೆದುಹಾಕಿ.”

ಅವಳು ಬಗ್ಗಿದಳು. ಪೆನ್ನು ಒತ್ತಿದೊಡನೆ ಹಾಳೆ ಗಾಜಿನ ಮೇಲೆ ನಿಲ್ಲದೆ ಜಾರಿತು. ಭಾವ ಅವಳ ಮುಖ ನೋಡಲಿಲ್ಲ. ಎರಡು ಬೆರಳು ಚಾಚಿ ಹಾಳೆಯ ಅಂಚನ್ನು ಒತ್ತಿ ಹಿಡಿದರು.